ಅತ್ತೆಯ ಕಾಲಿಗಿಟ್ಟ ಇಟ್ಟಿಗೆ

ಮೂರು ವರ್ಷದ ಹಿಂದಿನ ಎಳ್ಳಮಾವಾಸ್ಯೆ. ಮಣ್ಣೂರಿನ ನಮ್ಮ ಹೊಲದಲ್ಲಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ವಾಪಸ್ ಬರುವಾಗ ಅತ್ತೆ ದಾರಿಯಲ್ಲಿ ನಾಲ್ಕು ಕಡೆ ಕುಳಿತರು. ನಡೆದರೆ ಕಾಲು ಸೆಳೆಯುತ್ತದೆ ಎಂದು ತಿಂಗಳುಗಟ್ಟಲೆ ಹೇಳುತ್ತಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನಮ್ಮಿಬ್ಬರದು ಅಷ್ಟಕ್ಕಷ್ಟೇ.

ಮನೆ ಮುಟ್ಟಿದ ಮೇಲೆ, "ಸುಜಾತಾ, ಬಲಗಾಲು ಥಣ್ಣಗಾಗ್ಯಾದ, ಏನರ ಮಾಡವಾ" ಎಂದರು. ನನ್ನ ಗಂಡ ಇನ್ನೂ ಹೊಲದಿಂದ ಬಂದಿರಲಿಲ್ಲ. ಬೆಳಗಿನಿಂದ ದುಡಿದು ನನಗೂ ಸಾಕಾಗಿತ್ತು. ತವರಿನಲ್ಲಿ ಮಾಡುತ್ತಿದ್ದಂತೆ ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಹಳೆ ಸೀರೆಯಲ್ಲಿ ಸುತ್ತಿ ಪಾದದ ಕೆಳಗಿಟ್ಟೆ.

"ಬಿಸಿ ಹತ್ತಾಕತ್ತದೇನ್ರಿ ಅತ್ತಿ?"

"ಏನೂ ಇಲ್ಲವಾ. ಇನ್ನಷ್ಟು ಕಾಸು."

ಮತ್ತೆ ಕಾಯಿಸಿಟ್ಟು ಅಡುಗೆಗೆ ಹೋದೆ.

ಮರುದಿನ ಅಂಗಾಲಿನಲ್ಲಿ ದೊಡ್ಡ ಬೊಬ್ಬೆ. ವಾರದೊಳಗೆ ಹೆಬ್ಬೆರಳು ಕಪ್ಪಾಯಿತು. ಅಫಜಲಪುರದ ಡಾಕ್ಟರು ಪಾದದಲ್ಲಿ ನಾಡಿ ಹುಡುಕಿದರು, ಸಿಗಲಿಲ್ಲ. ಕಲಬುರಗಿಗೆ ಕಳಿಸಿದರು. ಅಲ್ಲಿ ಚೀಟಿ, ಸಾಲು, ಸ್ಕ್ಯಾನು, ಮತ್ತೆ ಸಾಲು. ಎರಡು ದಿನ ಕುಳಿತು ಕುಳಿತೇ ಸುಸ್ತಾದೆವು.

ತೊಡೆಯ ರಕ್ತನಾಳ ಕಟ್ಟಿಕೊಂಡು ಪಾದಕ್ಕೆ ರಕ್ತವೇ ಇಳಿಯುತ್ತಿಲ್ಲ ಎಂದರು ಸರ್ಜನ್. ಸಕ್ಕರೆ ಕಾಯಿಲೆಯ ಜೊತೆಗೆ ನಲವತ್ತು ವರ್ಷ ಹಲ್ಲಿಗೆ ತಿಕ್ಕಿದ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿಯೂ ಇದಕ್ಕೆ ಕಾರಣವಂತೆ. ಕಾಲಿನದೇ ಬೇರೊಂದು ನಾಳ ತೆಗೆದು ಜೋಡಿಸಿ ರಕ್ತಕ್ಕೆ ಹೊಸ ದಾರಿ ಮಾಡಬೇಕು. ಅದು ಆಗದಿದ್ದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕು.

ಆಮೇಲೆ ಅಂಗಾಲು ನೋಡಿ ರೇಗಿದರು. "ಸ್ಪರ್ಶ ಇಲ್ಲದ ಕಾಲಿಗೆ ಬಿಸಿ ಕೊಟ್ಟೋರು ಯಾರ್ರಿ?"

ಗಂಡ, ಮೈದುನ ಇಬ್ಬರೂ ಅಲ್ಲೇ ನಿಂತಿದ್ದರು.

"ನಾನೇ ಇಟ್ಕೊಂಡೀನ್ರಿ ಸಾಹೇಬ್ರ. ಸೊಸಿ ಬ್ಯಾಡಂದ್ರೂ ಕೇಳಲಿಲ್ಲ" ಎಂದರು ಅತ್ತೆ.

ನಾನು ಸ್ಕ್ಯಾನಿನ ಚೀಟಿಗಳನ್ನು ಜೋಡಿಸತೊಡಗಿದೆ.

ಆಪರೇಷನ್ ಐದು ತಾಸು ನಡೆಯಿತು. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ವಾರ್ಡಿಗೆ ತಂದಾಗ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ತಡೆಯಲಾಗದೆ ಅತ್ತುಬಿಟ್ಟೆ.

ಅತ್ತೆ ಈಗ ಮಿಶ್ರಿ ಬಿಟ್ಟಿದ್ದಾರೆ, ನನ್ನನ್ನು ಬೈಯುವುದು ಬಿಟ್ಟಿಲ್ಲ. ನಾನೂ ಎದುರು ಮಾತಾಡುತ್ತೇನೆ. ಆದರೆ ದಿನಾ ಬೆಳಿಗ್ಗೆ ಆ ಪಾದ ಮುಟ್ಟಿ ನೋಡದೆ ನನಗೆ ಕೆಲಸ ಸಾಗುವುದಿಲ್ಲ.

"ಅವ್ವಾ, ನಿನ್ನ ಹಟದಿಂದ ಬೆರಳು ಹೋತು ನೋಡು" ಎಂದು ಗಂಡ ಆಗಾಗ ಅನ್ನುತ್ತಾರೆ.

"ಹೌದಪಾ, ನಂದೇ ತಪ್ಪು" ಎನ್ನುತ್ತಾರೆ ಅತ್ತೆ, ನನ್ನ ಕಡೆ ನೋಡದೆ. ನಾನು ರೊಟ್ಟಿ ಬಡಿಯುತ್ತಲೇ ಇರುತ್ತೇನೆ.

ಗಂಡನಿಗೆ ಹೇಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ಆ ಇಟ್ಟಿಗೆ ಇಟ್ಟವಳು ನಾನು.