ಕಾಸರಕೋಡದ ವಾಲ್ವ್ ರೇಡಿಯೋ

ಹಳೆಯ ರೇಡಿಯೋ ಹುಡುಕಿಕೊಂಡು ನಮ್ಮ ಕಡೆ ಬರುವವರು ಮೊದಲು ಭಟ್ಕಳಕ್ಕೆ ಹೋಗುತ್ತಾರೆ. ಅಲ್ಲಿಯ ನವಾಯತ ಮುಸ್ಲಿಮರ ಮನೆಗಳಲ್ಲಿ ಹಡಗಿನಲ್ಲಿ ಬಂದ ದೊಡ್ಡ ಸೆಟ್‌ಗಳು ಕಸೂತಿ ಬಟ್ಟೆ ಹೊದ್ದು ಈಗಲೂ ಕೂತಿವೆ. ಚಹಾ ಕೊಡುತ್ತಾರೆ, ರೇಡಿಯೋ ಕೊಡುವುದಿಲ್ಲ. ಕುಮಟೆಯ ಗುಜರಿ ಅಂಗಡಿಗಳಲ್ಲಿ ಸಿಗುವುದು ಬರೀ ಮರದ ಪೆಟ್ಟಿಗೆ. ಒಳಗಿನ ತಾಮ್ರ ಆಗಲೇ ಮಾರಿಹೋಗಿರುತ್ತದೆ. ಹಾಡುವ ಸೆಟ್ ಬೇಕೆಂದರೆ ಹೊನ್ನಾವರದ ಸುತ್ತ ಮನೆಮನೆ ಕೇಳಬೇಕು. ನಾನು ಹಾಗೆ ತಿರುಗುತ್ತಿದ್ದದ್ದು ಒಬ್ಬ ದಲ್ಲಾಳಿಯ ಬೈಕಿನ ಹಿಂದೆ ಕೂತು.

ಹೊನ್ನಾವರದ ಪಕ್ಕದ ಕಾಸರಕೋಡದ ಒಂದು ಮನೆಯಲ್ಲಿ ಆ ಹೊತ್ತಿಗೆ ಇದ್ದವರು ಮೀನು ಒಣಗಿಸುವ ಒಬ್ಬ ಮುದುಕಿ ಮತ್ತು ಸೊಸೆ. ಮುದುಕಿಯ ತೀರಿಹೋದ ಗಂಡನ ರೇಡಿಯೋ ಇನ್ನೂ ವಾರ್ತೆ ಹೇಳುತ್ತಿತ್ತು. ಪ್ಲಗ್ಗಿನ ಒಂದು ಮಗ್ಗುಲಿಗೆ ಅವನು ಸುಣ್ಣದ ಬೊಟ್ಟು ಇಟ್ಟಿದ್ದ. ಆ ಕಾಲದ ಅಗ್ಗದ ಸೆಟ್‌ಗಳಲ್ಲಿ ಕರೆಂಟಿನ ಒಂದು ತಂತಿ ನೇರವಾಗಿ ಒಳಗಿನ ಕಬ್ಬಿಣದ ಚೌಕಟ್ಟಿಗೇ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ತಿರುವಿ ಹಾಕಿದರೆ ಇಡೀ ಚೌಕಟ್ಟಿಗೆ, ನಾಬಿನೊಳಗಿನ ಲೋಹದ ಕಡ್ಡಿಗೂ ಕರೆಂಟು ಹರಿಯುತ್ತದೆ. ಬೊಟ್ಟು ಯಾವಾಗಲೂ ಮೇಲಿರಬೇಕು.

ಮಾರುತ್ತೀರಾ ಎಂದು ದಲ್ಲಾಳಿ ಕೇಳಿದಾಗ ಮುದುಕಿ ಇಲ್ಲವೆಂದು ತಲೆಯಾಡಿಸಿದಳು. "ಬೆಳಿಗ್ಗೆ ಇದು ಮಾತಾಡದೇ ಇದ್ರೆ ನಂಗೆ ಒಲೆ ಹಚ್ಚೂಕೆ ಮನಸ್ಸಾಗೂದಿಲ್ಲ. ಬೇರೆ ಎಂತ ಬೇಕಾರೂ ಕೇಳು ತಮಾ."

ಅವನು ವಾದಿಸಲಿಲ್ಲ, ಕುಡಿಯಲು ನೀರು ಕೇಳಿದ. ಅತ್ತೆ ಸೊಸೆ ಇಬ್ಬರೂ ಒಳಗೆ ಹೋದಾಗ ರೇಡಿಯೋ ಹಿಂದೆ ಬಗ್ಗಿ ಏನೋ ಮಾಡಿದ. ದನಿ ನಿಂತು ಮತ್ತೆ ಬಂತು. ಮುದುಕಿ ಮೀನು ತೊಳೆದ ಒದ್ದೆ ಕೈಯಲ್ಲೇ ತಂಬಿಗೆ ಹಿಡಿದು ಬರಿಗಾಲಲ್ಲಿ ಬಂದಳು.

"ನಾಬ್ ಕಳಚಿ ಬಂತು ಅಮ್ಮಾ. ಆ ಕಡ್ಡಿನೇ ತಿರುಗಿಸಿ, ನಿಮ್ಮ ಕೈಗಾದ್ರೆ ಮಾತು ಕೇಳ್ತದೆ," ಎಂದ ದಲ್ಲಾಳಿ.

ಸುಣ್ಣದ ಬೊಟ್ಟು ಕೆಳಗಿರುವುದು ನನಗೆ ಕಂಡದ್ದೂ ಅವಳ ಬೆರಳು ಕಡ್ಡಿಗೆ ತಾಗಿದ್ದೂ ಒಟ್ಟಿಗೇ. ತಂಬಿಗೆ ಬಿತ್ತು. ಅವಳ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ನಾನು ವಯರ್ ಹಿಡಿದು ಜಗ್ಗಿದೆ. ಅವಳು ಗೋಡೆಗೆ ಬಡಿದು ಕುಸಿದಳು. ಈಗಲೂ ಸ್ವಿಚ್ ಒತ್ತುವಾಗೆಲ್ಲ ಆ ತೆರೆದ ಬಾಯಿ ಕಾಣುತ್ತದೆ.

ದಲ್ಲಾಳಿ ನಾಬನ್ನು ಮೆಲ್ಲಗೆ ಜಾಗದಲ್ಲಿ ಕೂರಿಸಿದ. "ಯಜಮಾನ್ರು ಒಳಗೇ ಕೂತಿದ್ರು ಕಾಣ್ತದೆ, ಅಮ್ಮಾ. ಹಿಡಿದ ಕೈ ಬಿಡ್ಲೇ ಇಲ್ಲ ನೋಡಿ," ಎಂದು ನಕ್ಕ. ಆಮೇಲೆ ಸೊಸೆಯ ಕಡೆ ತಿರುಗಿ, ಮಕ್ಕಳು ಓಡಾಡುವ ಮನೆಯಲ್ಲಿ ಇಂಥದ್ದು ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳಿದ.

ಪ್ಲಗ್ ತಿರುವಿದ್ದು ಇವನೇ ಎಂದು ನಾನು ಕೂಗಿ ಹೇಳಿದೆ. ಸೊಸೆ ನನ್ನ ಮುಖವನ್ನೂ ನೋಡಲಿಲ್ಲ. "ಇಬ್ರೂ ಒಂದೇ ಬೈಕಲ್ಲಿ ಬಂದವ್ರಲ್ದಾ? ಆತು, ತಕಂಡು ಹೋಗಿ," ಎಂದು ರೇಡಿಯೋವನ್ನು ತಾನೇ ಎತ್ತಿ ಅಂಗಳಕ್ಕೆ ಒಯ್ದಳು.

ಮುದುಕಿ ತಡೆಯಲಿಲ್ಲ. ಮಡಚಿಕೊಂಡ ಬೆರಳುಗಳನ್ನು ನಾನು ಒಂದೊಂದಾಗಿ ಬಿಡಿಸುತ್ತಿದ್ದಾಗ ಸಣ್ಣ ದನಿಯಲ್ಲಿ ಕೇಳಿದಳು:

"ನನ್ ಮೇಲೆ ಸಿಟ್ಟಾ ತಮಾ ಅವ್ರಿಗೆ?"

ಪ್ಲಗ್ಗಿನ ವಿಷಯ ಮತ್ತೆ ಮೊದಲಿಂದ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ಹೊರಗೆ ದಲ್ಲಾಳಿ ಹಗ್ಗ ಬಿಗಿಯುತ್ತ, ಬರುತ್ತೀರೋ ಇಲ್ಲವೋ ಎಂದು ನನ್ನನ್ನು ಕರೆಯುತ್ತಿದ್ದ.