ಪೀಪಿ ಮಾಸ್ತರರ ಬೆನ್ನು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಬರೆದದ್ದನ್ನು ತಿದ್ದಿ ಮತ್ತೆ ನಕಲು ಮಾಡಿದ್ದೇನೆ, ಆದರೂ ಸಾಲುಗಳು ಏರಿಳಿದಿವೆ. ಮಾತೂ ಅಷ್ಟೇ. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳಿಗೆ ಎಷ್ಟು ಬರಬೇಕೋ ಅಷ್ಟೇ ಬರುತ್ತದೆ. ಓದುವವರು ದಯವಿಟ್ಟು ಸಹಿಸಿಕೊಳ್ಳಬೇಕು. ವಾಚನಾಲಯದ ಅಕ್ಕ ಅಲ್ಲಿನ ಗೋಡೆಪತ್ರಿಕೆಗೆ ನಮ್ಮ ಬೀದಿಯ ಯಾರಾದರೊಬ್ಬರ ಬಗ್ಗೆ ಬರೆದುಕೊಡು ಎಂದರು. ಒಳ್ಳೆಯವರ ಬಗ್ಗೆಯೇ ಬರೆಯಬೇಕೇ ಎಂದು ಕೇಳಿದೆ. ಗೊತ್ತಿರುವವರ ಬಗ್ಗೆ ಬರಿ ಸಾಕು ಎಂದರು. ನನಗೆ ಚೆನ್ನಾಗಿ ಗೊತ್ತಿರುವವರು ನನ್ನ ಸೋದರಮಾವ.

ಅವರು ನಮ್ಮ ಶಾಲೆಯ ಡ್ರಿಲ್ ಮಾಸ್ತರು. ಕೊರಳಲ್ಲಿ ಸದಾ ಪೀಪಿ ನೇತಾಡುತ್ತದೆ, ಊಟಕ್ಕೆ ಕೂತಾಗ ಮಾತ್ರ ಅದನ್ನು ಬೆನ್ನ ಹಿಂದೆ ಹಾಕಿಕೊಳ್ಳುತ್ತಾರೆ. ಹಾಗಾಗಿ ಮಕ್ಕಳ ಬಾಯಲ್ಲಿ ಅವರು ಪೀಪಿ ಮಾಸ್ತರು. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದಾರೆ. ಮದುವೆಯಾಗಿಲ್ಲ. ಒಮ್ಮೆ ಮಾತುಕತೆಗೆ ಹೋದ ಮನೆಯಲ್ಲಿ ಹುಡುಗಿಗೆ ನೆಟ್ಟಗೆ ಕೂತುಕೋ ಎಂದರಂತೆ. ಅವಳು ಎದ್ದು ಒಳಗೆ ಹೋದವಳು ಮತ್ತೆ ಹೊರಗೆ ಬರಲೇ ಇಲ್ಲವಂತೆ.

ಅವರಿಗೆ ಪೊಲೀಸ್ ಆಗಬೇಕೆಂದು ಆಸೆಯಿತ್ತು. ಆ ಕಥೆಯನ್ನು ಅಜ್ಜಿ, ಅಂದರೆ ಅವರ ತಾಯಿಯೇ, ಬೇಸರವಾದಾಗಲೆಲ್ಲ ಹೇಳುತ್ತಾರೆ. ಎದೆ ಅಳೆಯುವಾಗ ಮಾವ ಉಸಿರು ಬಿಗಿಹಿಡಿದು ಉಬ್ಬಿ ನಿಂತಿದ್ದರಂತೆ. ಮುಖ ಕೆಂಪಾಗಿತ್ತಂತೆ. ಟೇಪು ಹಿಡಿದವನು ನಿನ್ನ ಹೆಸರೇನಪ್ಪಾ ಎಂದು ಕೇಳಿದ. ಇವರು ಹೇಳಲು ಬಾಯಿ ಬಿಟ್ಟರು. ಉಸಿರು ಹೋಯಿತು, ಎದೆ ಇಳಿಯಿತು, ಕೆಲಸವೂ ಹೋಯಿತು. ಅಜ್ಜಿ ಕೊನೆಗೆ ಹೇಳುವ ಮಾತು ಒಂದೇ. "ಅವನು ಪೊಲೀಸ್ ಆಗಲಿಲ್ಲ. ಅದಕ್ಕೆ ಊರ ಮಕ್ಕಳನ್ನೆಲ್ಲ ಕಳ್ಳರು ಮಾಡಿಟ್ಟ."

ಡ್ರಿಲ್ ಮಾಸ್ತರಿಗೆ ಶಾಲೆಯಲ್ಲಿ ಅಂಥ ಕೆಲಸವಿರುವುದಿಲ್ಲ. ಮಾವ ಕೆಲಸ ಹುಟ್ಟಿಸಿಕೊಂಡರು. ನೀರಿನ ನಲ್ಲಿಯ ಮುಂದೆ ಎಡಗಡೆಯಿಂದ ಬಂದು ಬಲಗಡೆಯಿಂದ ಹೋಗಬೇಕು. ಮೆಟ್ಟಿಲಲ್ಲಿ ಒಬ್ಬರ ಹಿಂದೊಬ್ಬರು ಹೋಗಬೇಕು, ಮುಂದಿನವರ ಬೆನ್ನು ಬಿಟ್ಟು ಬೇರೇನೂ ನೋಡಬಾರದು. ಪೆನ್ಸಿಲ್ ಚೂಪು ಮಾಡುವುದಕ್ಕೂ ಹೊತ್ತು ಗೊತ್ತು. ಪ್ರಾರ್ಥನೆಯ ಸಾಲು ನೇರವಾಗಿದೆಯೇ ಎಂದು ನೋಡಲು ಅವರದೇ ಒಂದು ಪದ್ಧತಿಯಿತ್ತು. ಜಗಲಿಯ ಮೊದಲನೇ ಕಂಬಕ್ಕೆ ಬೆನ್ನು ಅಂಟಿಸಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಸಾಲಿನುದ್ದಕ್ಕೂ ಗುರಿ ಹಿಡಿಯುವುದು. ಯಾರದಾದರೂ ಕಿವಿ ಸಾಲಿನಿಂದ ಹೊರಗೆ ಬಂದರೆ ಪೀಪಿ ಊದುವರು. ಕಿವಿ ದೊಡ್ಡದಿದ್ದ ಪಾಪದವರು ದಿನಾ ಬೈಸಿಕೊಳ್ಳುತ್ತಿದ್ದರು.

ಹೊಸ ನಿಯಮ ಬಂದಾಗಲೆಲ್ಲ ಮೊದಲ ಶಿಕ್ಷೆ ನನಗೆ. ನಾನು ತಪ್ಪು ಮಾಡಿರಲಿ ಬಿಡಲಿ, ಏನಾದರೊಂದು ಸಿಗುತ್ತಿತ್ತು. ಉಗುರು, ಗುಂಡಿ, ನಿಂತ ರೀತಿ. ನನ್ನನ್ನು ಮುಂದೆ ಕರೆದು ನಿಲ್ಲಿಸಿ ಉಳಿದವರಿಗೆ ಹೇಳುತ್ತಿದ್ದರು, "ಇವಳು ನನ್ನ ಸ್ವಂತ ಅಕ್ಕನ ಮಗಳು. ಇವಳನ್ನೇ ಬಿಡಲಿಲ್ಲ ಅಂದ್ಮೇಲೆ ನಿಮ್ಮನ್ನ ಬಿಡ್ತೀನಾ?" ತಮ್ಮ ನ್ಯಾಯಕ್ಕೆ ಅವರಿಗೊಂದು ಸಾಕ್ಷಿ ಬೇಕಿತ್ತು. ಮನೆಯಲ್ಲೇ ಇತ್ತು, ಖರ್ಚಿಲ್ಲ. ಅಂಗಡಿಯ ಮೊದಲ ವ್ಯಾಪಾರವನ್ನು ಬೋಣಿ ಎನ್ನುತ್ತಾರಲ್ಲ, ಹುಡುಗಿಯರು ನನಗೆ ಬೋಣಿ ಎಂದೇ ಹೆಸರಿಟ್ಟರು. ನಾನು ಬೆಳಿಗ್ಗೆ ಗೇಟು ದಾಟುವಾಗ, "ಬೋಣಿ ಬಂದ್ಳು, ಇನ್ನು ಅಂಗಡಿ ತೆಗೀಬಹುದು" ಎನ್ನುತ್ತಿದ್ದರು. ನನಗೆ ಅಳು ಬರುತ್ತಿತ್ತು, ಆದರೆ ಆ ಮಾತು ಸುಳ್ಳಾಗಿರಲಿಲ್ಲ.

ಶಾಲೆ ಬಿಡಲು ಕಾರಣ ಒಂದು ರಿಬ್ಬನ್. ಜಡೆಯ ರಿಬ್ಬನ್ನಿನ ಅಗಲ ಎಲ್ಲರದ್ದೂ ಒಂದೇ ಇರಬೇಕೆಂದು ನಿಯಮ ಮಾಡಿದರು. ಅಮ್ಮ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಗಿರಾಕಿಯ ಲಂಗಕ್ಕೆ ಹಚ್ಚಿ ಮಿಕ್ಕ ರಿಬ್ಬನ್ನನ್ನೇ ನನಗೆ ಕಟ್ಟಿದ್ದರು. ಅದು ಸ್ವಲ್ಪ ಕಿರಿದು. ಅದು ಮಾವನಿಗೂ ಗೊತ್ತಿತ್ತು. ಅಮ್ಮ ಕತ್ತರಿಸುವಾಗ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಆಗ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಇಡೀ ಶಾಲೆಯ ಮುಂದೆ ಅಡಿಕೋಲು ಹಿಡಿದು ಅಳೆದರು, ನನ್ನ ಎರಡೂ ಜಡೆ ಬಿಚ್ಚಿಸಿ, ಕೆದರಿದ ಕೂದಲಲ್ಲೇ ಪ್ರಾರ್ಥನೆ ಮುಗಿಯುವವರೆಗೆ ನಿಲ್ಲಿಸಿದರು. ಅಂದು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಅಮ್ಮ ಮಾವನಿಗೆ ಬಡಿಸುವ ತಟ್ಟೆಯನ್ನು ಒಂದು ವಾರ ಕುಕ್ಕಿ ಇಟ್ಟರು. ಆಮೇಲೆ ಅದೂ ನಿಂತಿತು.

ಆದರೆ ನನಗೆ ಹತ್ತನೇ ಪರೀಕ್ಷೆಯನ್ನು ಈ ವರ್ಷವೇ, ನನ್ನ ಗೆಳತಿಯರ ಜೊತೆಗೇ ಬರೆಯುವ ಆಸೆ ಹೋಗಿರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿ, ನಾವು ದೊಡ್ಡ ಮೇಡಂ ಎನ್ನುವವರು, ನಿವೃತ್ತರಾಗುವವರಿದ್ದರು. ಅವರು ಹೇಳಿಕಳಿಸಿದರು: ಆಡಳಿತ ಸಮಿತಿಯವರು ಶಾಲೆ ನೋಡಲು ಬರುತ್ತಿದ್ದಾರೆ, ಆ ದಿನ ನೀನೂ ಬಾ, ಅವರ ಮುಂದೆಯೇ ನಿನ್ನನ್ನು ಮತ್ತೆ ಸೇರಿಸಿಕೊಳ್ಳುತ್ತೇನೆ. ಮುಂದಿನ ಮುಖ್ಯೋಪಾಧ್ಯಾಯರು ಯಾರೆಂದು ಸಮಿತಿ ತೀರ್ಮಾನಿಸುವುದೂ ಅದೇ ದಿನವಾಗಿತ್ತು. ಮಾವನ ಕಣ್ಣು ಆ ಕುರ್ಚಿಯ ಮೇಲಿತ್ತು. ಲೆಕ್ಕದ ಮೇಡಂಗೂ ಅರ್ಹತೆಯಿತ್ತು, ಹೆಚ್ಚೇ ಇತ್ತು. ಆದರೆ ಅವರಿಗೆ ಪೀಪಿ ಇರಲಿಲ್ಲ.

ಮಾವ ಆ ದಿನಕ್ಕೆಂದು ಎರಡು ಏರ್ಪಾಡು ಮಾಡಿದರು. ಒಂದು, ಹೊಸ ನಿಯಮ. ಅತಿಥಿಗಳ ಮುಂದೆ ಪ್ರಶ್ನೆ ಕೇಳದ ಹೊರತು ಯಾರೂ ಮಾತಾಡಬಾರದು, ಏನೇ ಕಂಡರೂ ನಗಬಾರದು. ಇದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಿದರು. ಸಾಲಿನ ಹಿಂದೆ ಗೇಟು ಕಾಯುವ ತಾತನಿಂದ ಬಕೆಟ್ ಬೀಳಿಸಿ, ಯಾರು ತಿರುಗುತ್ತಾರೆ ಎಂದು ನೋಡುತ್ತಿದ್ದರಂತೆ. ಮೂರನೇ ತರಗತಿಯ ಒಬ್ಬ ಹುಡುಗಿ ಮನೆಯಲ್ಲೂ ಯಾರಾದರೂ ಕೇಳುವವರೆಗೆ ಊಟ ಬೇಕೆನ್ನದೆ ಕೂತಿದ್ದಳಂತೆ. ಇದು ಅವಳ ತಾಯಿ ಅಮ್ಮನ ಬಳಿ ಬಟ್ಟೆ ಹೊಲಿಸಲು ಬಂದಾಗ ಹೇಳಿದ್ದು.

ಇನ್ನೊಂದು, ಜಗಲಿಯ ಕಂಬಗಳಿಗೆಲ್ಲ ಹಸಿರು ಬಣ್ಣ. ಮೋಡ ಕವಿದಿತ್ತು. ಒಣಗಲ್ಲ ಸಾರ್ ಎಂದು ತಾತ ಹೇಳಿದರು. ಮಾವ ಏನೆಂದರು ಎಂಬುದನ್ನು ತಾತ ನಮ್ಮ ಮನೆಯ ಬಾಗಿಲಲ್ಲಿ ನಿಂತು, ಅವರ ಹಾಗೆಯೇ ಮೂಗು ಮೇಲೆತ್ತಿ ತೋರಿಸಿದರು. "ಒಣಗತ್ತೆ. ಒಣಗಲೇಬೇಕು. ನಾಳೆ ಬೆಳಿಗ್ಗೆ ಅಂದ್ರೆ ನಾಳೆ ಬೆಳಿಗ್ಗೆ." ಬಣ್ಣಕ್ಕೂ ಶಿಸ್ತು ಕಲಿಸುವ ಮನುಷ್ಯ. ಬಣ್ಣ ಹಸಿ ಇದೆ, ಮುಟ್ಟಿದವರಿಗೆ ಶಿಕ್ಷೆ ಎಂದು ಒಂದು ಹಲಗೆಯನ್ನೂ ಅವರೇ ಬರೆದು ತೂಗುಹಾಕಿದರು.

ಆ ಬೆಳಿಗ್ಗೆ ನಾನು ಶಾಲೆಗೆ ಹೋಗಿ ಕಚೇರಿಯ ಬಾಗಿಲ ಪಕ್ಕ ನಿಂತೆ. ಮಕ್ಕಳೆಲ್ಲ ಸಾಲಾಗಿದ್ದರು. ಮಾವ ಬಿಳಿ ಶರ್ಟು ತೊಟ್ಟು ಬಂದರು. ಹಲಗೆಯನ್ನು ನೆಟ್ಟಗೆ ಮಾಡಿದರು. ಆಮೇಲೆ ಹಳೆಯ ಅಭ್ಯಾಸದಂತೆ ಮೊದಲನೇ ಕಂಬಕ್ಕೆ ಬೆನ್ನು ಅಂಟಿಸಿ, ಒಂದು ಕಣ್ಣು ಮುಚ್ಚಿ ಸಾಲು ನೋಡಿದರು. ಸಾಲು ನೇರವಾಗಿತ್ತು. ತೃಪ್ತಿಯಿಂದ ಈಚೆಗೆ ಬಂದರು. ಕತ್ತಿನಿಂದ ಸೊಂಟದವರೆಗೆ ಹಸಿರು ಪಟ್ಟೆ ಬಿದ್ದಿತ್ತು, ಬೆನ್ನಿಗೆ ಯಾರೋ ಬಾಗಿಲು ಬಿಡಿಸಿಟ್ಟ ಹಾಗೆ.

ಇಡೀ ಶಾಲೆ ನೋಡಿತು. ಯಾರೂ ನಗಲಿಲ್ಲ. ಯಾರೂ ಹೇಳಲಿಲ್ಲ. ಮೇಷ್ಟ್ರುಗಳೂ ನೋಡಿದರು. ಲೆಕ್ಕದ ಮೇಡಂ ಆಕಾಶ ನೋಡಿದರು. ಅಷ್ಟರಲ್ಲಿ ಸಮಿತಿಯವರು ಬಂದರು. ಅಧ್ಯಕ್ಷರು ಊರಿನ ಸಿಮೆಂಟ್ ಅಂಗಡಿಯ ಯಜಮಾನರು, ದಪ್ಪ ಕನ್ನಡಕದವರು. ಮಾವ ಅವರಿಗೆ ನಮಸ್ಕರಿಸಿ, ತಿರುಗಿ, ಆ ಬೆನ್ನನ್ನು ಹೊತ್ತುಕೊಂಡು ಅವರ ಮುಂದೆ ಮುಂದೆ ಕವಾಯತಿನ ಹಾಗೆ ನಡೆಯುತ್ತ ದಾರಿ ತೋರಿಸಿದರು.

ನನಗೆ ಅವರ ಮೇಲೆ ಪ್ರೀತಿಯಿಲ್ಲ. ಆದರೂ ಅಮ್ಮ ನೆನಪಾದರು. ತನ್ನ ತಮ್ಮ ದೊಡ್ಡ ಮನುಷ್ಯನಾಗುವ ದಿನ ಎಂದು ಬೆಳಿಗ್ಗೆ ಬೇಗ ಎದ್ದು ಅವರ ಶರ್ಟಿಗೆ ಹೊಸ ಗುಂಡಿ ಹಚ್ಚಿಕೊಟ್ಟಿದ್ದರು. ನಾನು ಈಗ ಶಾಲೆಯವಳಲ್ಲ, ನಿಯಮ ನನಗೆ ಅನ್ವಯಿಸುವುದಿಲ್ಲ ಎಂದುಕೊಂಡು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಮಾವ, ಬೆನ್ನಿಗೆ ಬಣ್ಣ ಹತ್ತಿದೆ."

ಅವರು ಬೆನ್ನು ಮುಟ್ಟಿ ನೋಡಲಿಲ್ಲ. ನಾನು ಏನು ಹೇಳಿದೆ ಎಂದೇ ಕೇಳಿಸಿಕೊಳ್ಳಲಿಲ್ಲ. ಹೇಳಿದೆ ಎಂಬುದಷ್ಟೇ ಅವರಿಗೆ ಸಿಕ್ಕಿತು, ಅದೂ ಅಧ್ಯಕ್ಷರ ಎದುರಿಗೆ. ಮುಖ ಅರಳಿತು.

"ಶಾಲೆಯೊಳಗೆ ಮಾವ ಇಲ್ಲ" ಎಂದರು, ಎಲ್ಲರಿಗೂ ಕೇಳಿಸುವ ಹಾಗೆ. "ಕೇಳದೆ ಮಾತಾಡಿದೆ. ಹೋಗಿ ಅಲ್ಲಿ ನಿಲ್ಲು." ಆಮೇಲೆ ಸಮಿತಿಯವರ ಕಡೆ ತಿರುಗಿ, "ಇವಳು ನನ್ನ ಸ್ವಂತ ಅಕ್ಕನ ಮಗಳು ಸಾರ್. ಶಿಸ್ತು ಅಂದ್ರೆ ಶಿಸ್ತು" ಎಂದರು. ಸಮಿತಿಯ ಕಡೆ ತಿರುಗಿದ್ದರಿಂದ ಹಸಿರು ಬೆನ್ನು ಈಗ ಪೂರ್ತಿ ಮಕ್ಕಳ ಕಡೆಗಿತ್ತು.

ನಾನು ಹೋಗಿ ನಿಂತೆ. ಮತ್ತೆ ಬೋಣಿಯಾದೆ.

ಅಧ್ಯಕ್ಷರು ಬೆನ್ನು ಆಗಲೇ ನೋಡಿದ್ದರು. ಮೊದಲ ಸಾಲಿನ ಒಂದು ಪುಟ್ಟ ಹುಡುಗಿಯ ಮುಂದೆ ಬಗ್ಗಿ, ನಿಮ್ಮ ಮೇಷ್ಟ್ರ ಬೆನ್ನಿಗೆ ಏನಾಗಿದೆ ಎಂದು ಕೇಳಿದರು.

"ಬಣ್ಣ ಸಾರ್."

"ಯಾವಾಗ ಹತ್ತಿದ್ದು?"

"ಆಗಲೇ ಸಾರ್. ಎಲ್ಲಾರೂ ನೋಡಿದ್ವಿ."

"ಮತ್ತೆ ಯಾಕಮ್ಮ ಹೇಳಲಿಲ್ಲ?"

"ನೀವು ಈಗ ಕೇಳಿದ್ರಿ ಸಾರ್."

ಮಾವನ ಕೈ ಆಗ ಬೆನ್ನಿಗೆ ಹೋಯಿತು. ಬೆರಳು ಹಸಿರಾಗಿ ಈಚೆ ಬಂತು. ಅವರ ಮುಖದಲ್ಲಿ ನಾನು ಮೊದಲ ಬಾರಿಗೆ ಒಬ್ಬ ಮನುಷ್ಯನನ್ನು ಕಂಡೆ, ಟೇಪಿನ ಮುಂದೆ ಉಸಿರು ಬಿಟ್ಟವನನ್ನು. ದೊಡ್ಡ ಮೇಡಂ ನನ್ನ ಕಡೆ ನೋಡಿದರು. ಈಗ ಇವರ ಕಥೆ ಮುಗಿಯಿತು, ನಾನು ನಾಳೆಯಿಂದ ಶಾಲೆಗೆ ಬರಬಹುದು ಎಂದು ನನಗನಿಸಿತು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ಮಕ್ಕಳು. ಇಂಥ ಬೆನ್ನು. ಒಬ್ಬರಾದರೂ ಹಲ್ಲು ಬಿಡಬೇಕಲ್ಲ" ಎಂದರು. "ನನ್ನ ಅಂಗಡೀಲಿ ಸಂಬಳ ತಗೊಳ್ಳೋರೇ ನನ್ನ ಹಿಂದೆ ನಗ್ತಾರೆ. ಇದಪ್ಪಾ ಶಿಸ್ತು ಅಂದ್ರೆ." ಉಳಿದ ಸದಸ್ಯರೂ ತಲೆಯಾಡಿಸಿದರು. ಒಬ್ಬರು ಚಪ್ಪಾಳೆ ತಟ್ಟಿದರು. ಮಕ್ಕಳು ಚಪ್ಪಾಳೆ ತಟ್ಟಲಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾವ ಮುಖ್ಯೋಪಾಧ್ಯಾಯರಾದರು. ದೊಡ್ಡ ಮೇಡಂ ನನ್ನ ವಿಷಯ ಎತ್ತಿದಾಗ ಅಧ್ಯಕ್ಷರು, ಅದನ್ನೆಲ್ಲ ಇನ್ನು ಹೊಸಬರೇ ನೋಡಿಕೊಳ್ಳಲಿ ಎಂದುಬಿಟ್ಟರು.

ಸಂಜೆ ಬೀದಿಯವರು ಶುಭಾಶಯ ಹೇಳಲು ಬಂದರು. ಮೊದಲು ಬಂದವರಿಗೆ ಮಾವ, ಅದೊಂದು ಸಣ್ಣ ಆಕಸ್ಮಿಕ ಎಂದರು. ಆಮೇಲೆ ಬಂದವರಿಗೆ, ಮಕ್ಕಳನ್ನು ಪರೀಕ್ಷಿಸಲು ತಾವೇ ಬೇಕೆಂದು ಕಂಬಕ್ಕೆ ಒರಗಿದ್ದಾಗಿ ಹೇಳಿದರು. ಕೊನೆಗೆ ಬಂದವರಿಗೆ ಹೇಳುವಾಗ ಆ ಉಪಾಯ ಹೊಳೆದದ್ದು ಹೇಗೆ ಎಂದು ವಿವರಿಸುತ್ತಿದ್ದರು. ಅಷ್ಟು ಹೊತ್ತಿಗೆ ಅವರಿಗೇ ನಂಬಿಕೆ ಬಂದಿತ್ತು. ಅಮ್ಮ ಬಚ್ಚಲ ಬಾಗಿಲಲ್ಲಿ ಕೂತು ಆ ಶರ್ಟಿಗೆ ಸೀಮೆಎಣ್ಣೆ ಹಾಕಿ ತಿಕ್ಕುತ್ತಿದ್ದರು.

"ಬೇಕಂತಲೇ ಒರಗಿದ್ಯಾ?" ಎಂದು ಅಲ್ಲಿಂದಲೇ ಕೇಳಿದರು. "ಹಾಗಾದ್ರೆ ಹಳೇ ಶರ್ಟ್ ಹಾಕ್ಕೊಂಡು ಒರಗಬಾರದಿತ್ತೇನೋ ತಮ್ಮ?"

ಮಾವ ಬಂದವರನ್ನು ಬೀಳ್ಕೊಡಲು ಎದ್ದರು.

ಎಲ್ಲರೂ ಹೋದ ಮೇಲೆ ಅಮ್ಮ ನನ್ನ ಮಾತೆತ್ತಿದರು. ಇನ್ನು ನೀನೇ ಎಲ್ಲ, ಇವಳನ್ನು ಸೇರಿಸಿಕೋ ಎಂದು ಕೇಳಿಕೊಂಡರು. ಮಾವ ಕುರ್ಚಿಯಲ್ಲಿ ನೆಟ್ಟಗಾದರು. ಬರಲಿ, ಆದರೆ ನಿಯಮ ನಿಯಮವೇ ಎಂದರು. ಕೇಳದೆ ಮಾತಾಡಿದ್ದಕ್ಕೆ ಸೋಮವಾರ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಂತು ತಪ್ಪಾಯಿತು ಎನ್ನಬೇಕು. ಅಷ್ಟು ಮಾಡಿದರೆ ತರಗತಿಗೆ ಹೋಗಬಹುದು.

"ಅವಳು ಏನಂತ ತಪ್ಪು ಒಪ್ಕೋಬೇಕೋ?" ಅಜ್ಜಿ ಮೂಲೆಯಿಂದ ಕೇಳಿದರು. "ನಿನ್ನ ಬೆನ್ನು ನೋಡಿದ್ದು ತಪ್ಪಾಯ್ತು ಅಂತಲಾ?"

"ಅಮ್ಮ, ನೀನು ಸುಮ್ಮನಿರು. ಹೊಸ ಮುಖ್ಯೋಪಾಧ್ಯಾಯನ ಮೊದಲ ದಿನ. ಸ್ವಂತದವರಿಂದಲೇ ಶುರುವಾದ್ರೆ ಉಳಿದವರಿಗೆ ಭಯ ಇರತ್ತೆ."

ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಅಂಗಡಿಯವನು ನಾಳೆ ಯಾವ ಸಾಮಾನು ಮುಂದಿಡಬೇಕೆಂದು ಯೋಚಿಸುವ ಹಾಗೆ ಹೇಳಿದರು. ನನಗೆ ಆಗಲೇ ಅವರ ಮೇಲಿದ್ದ ಭಯ ಹೋದದ್ದು. ಇಷ್ಟು ವರ್ಷ ಅವರನ್ನು ಕಠಿಣ ಮನುಷ್ಯ ಎಂದುಕೊಂಡಿದ್ದೆ. ಕಠಿಣವಾಗಿರಲು ಒಳಗೆ ಏನಾದರೂ ಗಟ್ಟಿ ಇರಬೇಕು. ಇವರಲ್ಲಿ ಇರುವುದು ಬಿಗಿಹಿಡಿದ ಉಸಿರು ಮಾತ್ರ. ಅದನ್ನು ಹಿಡಿದು ನಿಲ್ಲಲು ಇನ್ನೊಬ್ಬರ ಜಡೆ ಬೇಕು, ಕಿವಿ ಬೇಕು, ಮೂರನೇ ತರಗತಿಯ ಹುಡುಗಿಯ ಹಸಿವು ಬೇಕು.

ನಾನು ತಪ್ಪಾಯಿತು ಎನ್ನುವುದಿಲ್ಲ ಎಂದೆ. ಕೇಳದೆಯೇ ಹೇಳಿದೆ. ಮಾವ ಪೀಪಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು, ಹಾಗಾದರೆ ಈ ವರ್ಷ ಹೋಯಿತು ಎಂದರು. ಹೌದು, ಹೋಯಿತು. ಗೆಳತಿಯರು ಮುಂದೆ ಹೋಗುತ್ತಾರೆ, ನಾನು ಹಿಂದೆ ಉಳಿಯುತ್ತೇನೆ. ಅದಕ್ಕೆ ನನಗೆ ದುಃಖವಿದೆ. ಇಲ್ಲವೆಂದರೆ ಸುಳ್ಳಾಗುತ್ತದೆ.

ಶಾಲೆಗೆ ಹೋಗದವರೂ ಹೊರಗಿನಿಂದ ಪರೀಕ್ಷೆ ಬರೆಯಬಹುದೆಂದು ಲೆಕ್ಕದ ಮೇಡಂ ಹೇಳಿದ್ದಾರೆ. ಭಾನುವಾರಗಳಲ್ಲಿ ಅವರ ಮನೆಗೆ ಬಂದರೆ ಪಾಠ ಹೇಳಿಕೊಡುತ್ತಾರಂತೆ. ನಾಳೆ ಬೆಳಿಗ್ಗೆ ಅಜ್ಜಿಯನ್ನು ಕರೆದುಕೊಂಡು ಪರೀಕ್ಷಾ ಕಚೇರಿಗೆ ಹೋಗಿ, ಬರುವ ವರ್ಷದ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಅರ್ಜಿ ಹಾಕಿ ಬರುತ್ತೇನೆ.