ಅದೇ ಫಲಕದಲ್ಲಿ, ಅದೇ ಸಹಿಯಲ್ಲಿ: ನೀತಿಶಾಸ್ತ್ರದ ಅಧ್ಯಾಪಕಿ ಸುವರ್ಣಮ್ಮ

ನೀತಿಶಾಸ್ತ್ರ ಕಲಿಸುವವರಿಗೆ ಗಣಿತ ಕಲಿಸುವವರಿಗಿಲ್ಲದ ಒಂದು ಕಷ್ಟವಿದೆ. ಗಣಿತದ ಅಧ್ಯಾಪಕರು ಅಂಗಡಿಯಲ್ಲಿ ಲೆಕ್ಕ ತಪ್ಪಿದರೆ ಅವರ ಪಾಠವನ್ನು ಯಾರೂ ಅನುಮಾನಿಸುವುದಿಲ್ಲ. ಸತ್ಯ, ನ್ಯಾಯ, ಕ್ಷಮೆಗಳನ್ನು ಪಾಠ ಹೇಳುವವರು ಒಮ್ಮೆ ತಪ್ಪಿದರೆ ಪಾಠವೇ ಸುಳ್ಳಾಯಿತೆಂದು ಲೋಕ ತೀರ್ಮಾನಿಸುತ್ತದೆ. ಕೊಳ್ಳೇಗಾಲದ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಹತ್ತು ತಿಂಗಳು ತತ್ತ್ವಶಾಸ್ತ್ರವನ್ನು ಬೋಧಿಸಿ, 2026ರ ಮೇ 31ರಂದು ನಿವೃತ್ತರಾಗುತ್ತಿರುವ ಶ್ರೀಮತಿ ಸುವರ್ಣಮ್ಮನವರು ಈ ಕಷ್ಟವನ್ನು ಪುಸ್ತಕದಿಂದ ತಿಳಿದವರಲ್ಲ. ಅವರ ಅಧ್ಯಾಪನವನ್ನು ಅಳೆಯಲು ಅವರು ಬರೆದ ಲೇಖನಗಳಿಗಿಂತ ಕಾಲೇಜಿನ ಸೂಚನಾ ಫಲಕದಲ್ಲಿ ಹನ್ನೊಂದು ವರ್ಷಗಳ ಹಿಂದೆ ಅಂಟಿಸಿದ ಒಂದು ಹಾಳೆ ಹೆಚ್ಚು ನೆರವಾಗುತ್ತದೆ.

ಸುವರ್ಣಮ್ಮ ಹುಟ್ಟಿದ್ದು ಸತ್ತೇಗಾಲದ ಭತ್ತ ಬೆಳೆಯುವ ಮನೆಯಲ್ಲಿ, 1966ರ ಮೇ ತಿಂಗಳಲ್ಲಿ. ಮೈಸೂರಿನಲ್ಲಿ ಎಂ.ಎ. ಮುಗಿಸಿ, 1993ರ ಆಗಸ್ಟ್ 2ರಂದು ಕಾಲೇಜಿಗೆ ಸೇರಿದಾಗ ವಿಭಾಗದಲ್ಲಿದ್ದವರು ಅವರೊಬ್ಬರೇ, ನಿವೃತ್ತರಾಗುವಾಗಲೂ ಅವರೊಬ್ಬರೇ. ಊರಿನಿಂದ ಬಸ್ಸಿನಲ್ಲಿ ಬಂದು ಹೋಗುವುದನ್ನು ಕೊನೆಯವರೆಗೂ ಬಿಡಲಿಲ್ಲ. ಲೊಕ್ಕನಹಳ್ಳಿ ಕಡೆಯ ಹುಡುಗರು ಬಸ್ಸು ತಡವಾಗಿ ಮೊದಲ ಪಾಠವನ್ನು ಕಳೆದುಕೊಳ್ಳುವುದನ್ನು ಗಮನಿಸಿ, ಆ ಪಾಠವನ್ನು ತಮ್ಮ ಊಟದ ಹೊತ್ತಿಗೆ ಬದಲಿಸಿಕೊಂಡರು. ಹೀಗೆ ಬದಲಿಸಿದ್ದು ತಮಗಾಗಿಯೆಂದು ಆ ಹುಡುಗರಿಗೆ ಗೊತ್ತಾದದ್ದು ಪದವಿ ಮುಗಿದ ಮೇಲೆ, ಅದೂ ಬೇರೆಯವರಿಂದ.

ಅವರ ಪಾಠದ ತಿರುಳು ಸದ್ಗುಣ. ಗ್ರೀಕರು ಧೈರ್ಯವನ್ನು ಅಂಜಿಕೆ ಮತ್ತು ದುಡುಕುಗಳ ನಡುವಿನ ಹದವೆಂದು ಕಂಡದ್ದನ್ನು, ಯೋಗಶಾಸ್ತ್ರದ ಐದು ಯಮಗಳನ್ನು, ಬೌದ್ಧರ ಮೈತ್ರಿಯನ್ನು, ಶರಣರು ನುಡಿಗೂ ನಡೆಗೂ ನಡುವೆ ಸಂದಿರಬಾರದೆಂದು ಪಟ್ಟು ಹಿಡಿದದ್ದನ್ನು ಅವರು ಒಂದರ ಪಕ್ಕ ಒಂದಿಟ್ಟು ತೋರಿಸುತ್ತಿದ್ದರು. ಗುಣವೆಂಬುದು ಪೂಜೆಯ ಕೋಣೆಗೂ ಗ್ರಂಥಾಲಯಕ್ಕೂ ಸೇರಿದ ವಸ್ತುವಲ್ಲ, ದಿನಕ್ಕೆ ಹತ್ತು ಸಲ ಕೈಗೆ ಬರುವ ಕೆಲಸವೆಂದು ಹೇಳಲು ಊರಿನ ಉದಾಹರಣೆ ಕೊಡುತ್ತಿದ್ದರು. ಆದರೆ ಆ ಕಾಲದ ಪದ್ಧತಿಯಂತೆ ಟಿಪ್ಪಣಿಯನ್ನು ನಿಧಾನವಾಗಿ, ಅಲ್ಪವಿರಾಮಗಳ ಸಮೇತ ಬರೆಸುತ್ತಿದ್ದರು. ಮಕ್ಕಳು ಬರೆದುಕೊಳ್ಳುತ್ತಿದ್ದರು. 2004ರ ಸುಮಾರಿಗೆ ಬರೆಸುವುದನ್ನು ನಿಲ್ಲಿಸಿದರು. ಬರೆಸಿದ್ದು ಎಲ್ಲಿ ಹೋಯಿತೆಂದು ಯೋಚಿಸುವ ಕಾರಣ ಅವರಿಗಿರಲಿಲ್ಲ.

2015ರ ಫೆಬ್ರುವರಿ ಮೊದಲ ವಾರ ಬಿ.ಎ. ತರಗತಿಯ ಆಂತರಿಕ ಪರೀಕ್ಷೆಯ ಉತ್ತರಗಳನ್ನು ನೋಡುವಾಗ ಎರಡು ಹಾಳೆಗಳಲ್ಲಿ ಒಂದೇ ಉತ್ತರ ಕಂಡಿತು. ಒಂದು ಕೊಳ್ಳೇಗಾಲದ ರೇಷ್ಮೆ ನೇಕಾರ ಹೊನ್ನಯ್ಯನವರ ಮಗಳು ಚೌಡೇಶ್ವರಿಯದು, ಇನ್ನೊಂದು ಯಳಂದೂರಿನಿಂದ ಬರುತ್ತಿದ್ದ ಉದಯಕುಮಾರನದು. ಇಬ್ಬರೂ ಕೂತದ್ದು ಹಿಂದು ಮುಂದಿನ ಬೆಂಚಿನಲ್ಲಿ. ಪದಕ್ಕೆ ಪದ ಒಂದೇ ಆಗಿದ್ದರೆ ಬಾಯಿಪಾಠವೆನ್ನಬಹುದಿತ್ತು. ಆದರೆ ಇಬ್ಬರೂ ‘ಯಮಗಳು ಐದು’ ಎಂದು ಬರೆದು ಅಹಿಂಸೆ, ಸತ್ಯ, ಬ್ರಹ್ಮಚರ್ಯ, ಅಪರಿಗ್ರಹ ಎಂದು ನಾಲ್ಕನ್ನೇ ಹೇಳಿದ್ದರು. ಬಿಟ್ಟುಹೋದದ್ದು ಅಸ್ತೇಯ, ಅಂದರೆ ಕದಿಯದಿರುವುದು. ಕರೆದು ಕೇಳಿದಾಗ ಇಬ್ಬರೂ ‘ನೋಟ್ಸ್ ಓದಿ ಬರೆದದ್ದು’ ಎಂದರು. ಯಾರ ನೋಟ್ಸ್ ಎಂದರೆ ಗೊತ್ತಿಲ್ಲವೆಂದರು. ಸುವರ್ಣಮ್ಮ ನಂಬಲಿಲ್ಲ. ಫೆಬ್ರುವರಿ 5, ಗುರುವಾರ, ಇಬ್ಬರೂ ನಕಲು ಮಾಡಿದ್ದಾರೆಂದು ಹೆಸರು ಮತ್ತು ನೋಂದಣಿ ಸಂಖ್ಯೆಯ ಸಮೇತ ನೋಟಿಸು ಫಲಕಕ್ಕೆ ಬಂತು. ಕೆಳಗೆ ಸುವರ್ಣಮ್ಮನವರ ಸಹಿ. ಸೋಮವಾರ ಶಿಸ್ತು ಸಮಿತಿ ಸೇರಿ ತೀರ್ಮಾನಿಸಿದರೆ ಇಬ್ಬರೂ ಆ ವರ್ಷದ ಪರೀಕ್ಷೆಯಿಂದ ಹೊರಗೆ. ಶುಕ್ರವಾರ ಉದಯಕುಮಾರ ತರಗತಿಗೆ ಬಂದ. ಚೌಡೇಶ್ವರಿ ಬರಲಿಲ್ಲ.

ಶನಿವಾರ ಮಧ್ಯಾಹ್ನ ಹೊನ್ನಯ್ಯ ವಿಭಾಗದ ಕೋಣೆಯ ಬಾಗಿಲಲ್ಲಿ ನಿಂತರು.

“ಚೌಡೇಶ್ವರಿ ಅಪ್ಪ ನಾನು ಮೇಡಮ್ಮೋರೆ. ಜಗಳಕ್ ಬಂದಿಲ್ಲ.”

“ಒಳಗೆ ಬನ್ನಿ, ಕೂತ್ಕೊಳಿ.”

“ಮಗು ಕದ್ದದೆ ಅನ್ನೋದಾದ್ರೆ ನಾನೇ ಕಾಲೇಜ್ ಬುಡ್ಸಿ ಕರ್ಕಂಡೋಯ್ತೀನಿ. ನೀವ್ ಕಣ್ಣಾರೆ ನೋಡುದ್ರಾ?”

“ನೋಡಿಲ್ಲ. ಆದರೆ ಇಬ್ಬರದೂ ಒಂದೇ ತಪ್ಪು. ಸರಿಯಾದ ಉತ್ತರ ಇಬ್ಬರಿಗೂ ಒಂದೇ ಇರಬಹುದು ಹೊನ್ನಯ್ಯನೋರೆ. ತಪ್ಪು ಹೇಗೆ ಒಂದೇ ಆಗುತ್ತೆ?”

ಹೊನ್ನಯ್ಯ ಕುರ್ಚಿಯ ತುದಿಯಲ್ಲಿ ಕೂತರು. “ನಮ್ ಕಸ್ಬಲ್ಲಿ ಅಂಗೇ ಆಯ್ತದೆ. ನಮ್ ಬೀದೀಲಿ ಎಲ್ಡ್ ಮನೆ ಮಗ್ಗದಲ್ಲಿ ಒಂದೇ ಬಾರ್ಡರ್ ಬತ್ತದೆ. ಅಂಗಂತ ಅವ್ನು ಇವನ್ ಮಗ್ಗ ಇಣುಕಿ ನೋಡ್ದ ಅಂತೀವಾ? ಮಗ್ಗದ್ ಮ್ಯಾಲೆ ಡಿಸೈನ್ ಎತ್ತೋ ಎಲ್ಡ್ ಜಕಾರ್ಡ್‌ಗೂ ಒಂದೇ ನಮೂನೆ ತೂತಿನ್ ರಟ್ಟು ಆಕಿರ್ತೀವಿ. ರಟ್ಟಲ್ಲಿ ಒಂದ್ ತೂತು ತಪ್ಪಿದ್ರೆ ಎಲ್ಡ್ ಸೀರೇಲೂ ಒಂದೇ ಜಾಗ್ದಲ್ಲಿ ಊವ ಮುರೀತದೆ. ನೇಯೋರ್‌ನ ಬೈದು ಏನ್ ಬತ್ತದೆ? ರಟ್ಟಿಗೆ ತೂತ್ ಮಾಡ್ದೋನ್ ಯಾರು ಅಂತ ಉಡುಕ್ಬೇಕು.”

ಹೊನ್ನಯ್ಯ ಚೀಲದಿಂದ ಹನ್ನೆರಡು ಹಾಳೆಗಳ ಒಂದು ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟರು. ಜೆರಾಕ್ಸಿನ ಜೆರಾಕ್ಸು, ಅಕ್ಷರ ಮಾಸಿತ್ತು, ಮೊದಲ ಪುಟವಿರಲಿಲ್ಲ.

“ಬಸ್‌ಸ್ಟ್ಯಾಂಡ್ ತಾವ ಜೆರಾಕ್ಸ್ ಅಂಗ್ಡೀಲಿ ತಕಂಡ್ಲಂತೆ. ಯಳಂದೂರ್ ಉಡ್ಗನೂ ಅಲ್ಲೇ ತಕಂಡಿರ್ಬೇಕು. ಓದಿ ನೋಡಿ. ನೀವ್ ನೀತಿ ಪಾಠ ಮಾಡೋರು, ನಾನ್ ನೇಯೋನು. ತಪ್ಪಾಗ್ ಮಾತಾಡಿದ್ರೆ ಒಟ್ಟೇಗ್ ಆಕ್ಕಳಿ.”

ಆ ಸಂಜೆ ಸತ್ತೇಗಾಲದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಸುವರ್ಣಮ್ಮ ಹಾಳೆಗಳನ್ನು ಓದಿದರು. ಬರವಣಿಗೆ ಯಾರದೋ. ಐದೆಂದು ನಾಲ್ಕನ್ನು ಹೇಳಿದ ವಾಕ್ಯ ಮೂರನೆಯ ಹಾಳೆಯಲ್ಲಿತ್ತು. ಅಲ್ಲಿಗೆ ಮಕ್ಕಳು ಹೇಳಿದ್ದು ನಿಜವೆಂದು ಖಚಿತವಾಯಿತು. ಆರನೆಯ ಹಾಳೆಯಲ್ಲಿ ನ್ಯಾಯಕ್ಕೆ ಕೊಟ್ಟ ಉದಾಹರಣೆ ಒಬ್ಬ ಅಜ್ಜಿಯದು. ನಾಲೆಯ ನೀರಿನ ಸರದಿ ತನ್ನದಾದ ದಿನವೂ ಆಕೆ ಕೆಳಗಿನ ಗದ್ದೆಯ ಪೈರು ಬಾಡಿದ್ದರೆ ಮೊದಲು ಅದಕ್ಕೆ ನೀರು ಹಾಯಿಸಿ, ಆಮೇಲೆ ತನ್ನ ಗದ್ದೆಗೆ ನೀರು ಬಿಡುವ ಮಡೆ ತೆಗೆಯುತ್ತಿದ್ದಳು. ಯಾಕೆಂದು ಕೇಳಿದ ಮೊಮ್ಮಗಳಿಗೆ “ಪೈರ್‌ಗೇನ್ ಗೊತ್ತು, ಸರದಿ ಯಾರ್ದು ಅಂತ” ಎಂದಿದ್ದಳು.

ಆ ಅಜ್ಜಿಯ ಹೆಸರು ದೊಡ್ಡಬಸಮ್ಮ. ಆ ಮೊಮ್ಮಗಳು ಸುವರ್ಣಮ್ಮ. ಆ ಮಾತನ್ನು ಅವರು ಎಲ್ಲೂ ಅಚ್ಚು ಮಾಡಿರಲಿಲ್ಲ, ತರಗತಿಯಲ್ಲಿ ಮಾತ್ರ ಹೇಳಿದ್ದರು.

ಆದರೂ ಬರೆದುಕೊಂಡವರು ಯಮಗಳಲ್ಲೊಂದನ್ನು ಬಿಟ್ಟಿರಬಹುದಲ್ಲವೇ ಎಂಬ ಒಂದು ಆಸೆ ಉಳಿದಿತ್ತು. ಭಾನುವಾರ ಬೆಳಿಗ್ಗೆ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ ಹಳೆಯ ಪಾಠದ ಡೈರಿಗಳನ್ನು ತೆಗೆದರು. 1998ರ ನವೆಂಬರ್ 19ರ ಪುಟದಲ್ಲಿ, ಅವರದೇ ಅಕ್ಷರದಲ್ಲಿ, ‘ಯಮಗಳು ಐದು’ ಎಂದಿತ್ತು. ಕೆಳಗೆ ನಾಲ್ಕಿದ್ದವು.

ಸೋಮವಾರ ಸಮಿತಿ ಸೇರುವ ಮುಂಚೆ ಡೈರಿ ಮತ್ತು ಹಾಳೆಗಳನ್ನು ಪ್ರಾಂಶುಪಾಲ ಗುರುಪಾದಸ್ವಾಮಿಯವರ ಮುಂದಿಟ್ಟರು. ಅವರು ಒಳ್ಳೆಯವರು, ಸಹೋದ್ಯೋಗಿಯ ಮಾನ ಉಳಿಸಲು ಬಯಸಿದರು.

“ನೋಟಿಸ್ ಕಿತ್ತಾಕ್ಬುಡಣ ಮೇಡಂ. ಕಮಿಟೀನೂ ಬೇಡ. ಮಕ್ಳು ಮರ್ತೋಯ್ತವೆ.”

“ಮಕ್ಕಳು ಮರೀಬಹುದು ಸರ್, ಬೋರ್ಡ್ ಓದಿದವರು ಮರೆಯಲ್ಲ. ಕಳ್ಳರು ಅಂತ ಓದಿದವರು ಅಲ್ಲ ಅಂತಲೂ ಓದಬೇಕು.”

“ನೀತಿ ಪಾಠ ಮಾಡೋರ್ ತಪ್ಪೇ ಬೋರ್ಡ್ ಮೇಲ್ ಬಂದ್ರೆ, ನಾಳೆಯಿಂದ ನಿಮ್ ಪಾಠ ಯಾರ್ ಕೇಳ್ತಾರೆ?”

“ಕೇಳದೇ ಇರಬಹುದು” ಎಂದರು ಸುವರ್ಣಮ್ಮ. ಸುಮ್ಮನೆ ಆಡಿದ ಮಾತಲ್ಲ. ಆ ವರ್ಷ ಐಚ್ಛಿಕ ತತ್ತ್ವಶಾಸ್ತ್ರಕ್ಕೆ ಇದ್ದವರು ಹತ್ತೊಂಬತ್ತು ಮಂದಿ. ಹದಿನೈದಕ್ಕಿಂತ ಕಡಿಮೆಯಾದರೆ ವಿಷಯವನ್ನೇ ಮುಚ್ಚುವುದೆಂದು ಆಡಳಿತ ಮಂಡಳಿ ಆಗಲೇ ಹೇಳಿತ್ತು.

ಹನ್ನೊಂದು ಗಂಟೆಗೆ ಹೊಸ ಹಾಳೆ ಫಲಕಕ್ಕೆ ಬಂತು. “ಫೆಬ್ರುವರಿ 5ರ ನೋಟಿಸಿನಲ್ಲಿ ಇಬ್ಬರು ವಿದ್ಯಾರ್ಥಿಗಳ ಮೇಲೆ ಹೊರಿಸಿದ ಆರೋಪ ಸುಳ್ಳು. ಅವರು ಓದಿದ ಟಿಪ್ಪಣಿ 1998ರಲ್ಲಿ ನಾನೇ ಬರೆಸಿದ್ದು. ಅದರಲ್ಲಿನ ತಪ್ಪೂ ನನ್ನದು. ಆರೋಪವನ್ನು ಹಿಂತೆಗೆದುಕೊಂಡಿದ್ದೇನೆ.” ಕೆಳಗೆ ಅದೇ ಸಹಿ. ಬಳಿಕ ತರಗತಿಗೆ ಹೋಗಿ ಅದನ್ನೇ ಓದಿದರು. ಓದಿ ಮುಗಿದ ಮೇಲೆ ಉದಯಕುಮಾರ ಎದ್ದು ನಿಂತ.

“ಮೇಡಂ, ಅಂಗಾರೆ ಮಾರ್ಕ್ಸು?”

“ಐದು ಅಂತ ಬರೆದು ನಾಲ್ಕು ಹೇಳಿದ್ದೀಯ. ಒಂದು ಹೋಗುತ್ತೆ.”

“ಬರ್ಸ್‌ದೋರು ನೀವೇ ಅಲ್ವಾ ಮೇಡಂ.”

“ಎಣಿಸದೆ ಬರೆದೋನು ನೀನು.”

ತರಗತಿ ನಕ್ಕಿತು. ಚೌಡೇಶ್ವರಿಯ ಜಾಗ ಖಾಲಿಯಿತ್ತು. ಸಂಜೆ ಸುವರ್ಣಮ್ಮ ನೇಕಾರರ ಬೀದಿಗೆ ಹೋದರು. ಹೊನ್ನಯ್ಯ ಮಗ್ಗದಿಂದ ಎದ್ದು ಬಂದು ಚಾಪೆ ಹಾಸಿದರು. ನಡೆದದ್ದನ್ನೆಲ್ಲ ಸುವರ್ಣಮ್ಮ ಹೇಳಿ ಮುಗಿಸುವವರೆಗೂ ಹುಡುಗಿ ಗೋಡೆಗೆ ಒರಗಿ ನಿಂತೇ ಇದ್ದಳು.

“ಬೋರ್ಡಲ್ಲಿ ಆಕಿದೀರಾ ಮೇಡಂ?”

“ಹಾಕಿದೀನಿ.”

“ಅಂಗಾದ್ರೆ ಓದ್ಬುಟ್ಟು ಬತ್ತೀನಿ.”

“ಮೇಡಮ್ಮೋರು ಮನೆಗಂಟ ಬಂದವ್ರೆ, ಇನ್ನೇನ್ ಓದ್ತೀಯ ಲೇ” ಎಂದರು ಹೊನ್ನಯ್ಯ.

“ನೀನೇ ಏಳ್ತೀಯಲ್ಲಪ್ಪ, ಮಡಿಸ್ಕೊಟ್ಟ್ ಸೀರೆ ತಕಬ್ಯಾಡ, ಬಿಚ್ಚಿ ನೋಡು ಅಂತ.”

ಮಂಗಳವಾರ ಬೆಳಿಗ್ಗೆ ಚೌಡೇಶ್ವರಿ ಫಲಕದ ಮುಂದೆ ನಿಂತಳು. ನಾಲ್ಕು ವಾಕ್ಯಗಳನ್ನು ಓದಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು. ಸುವರ್ಣಮ್ಮ ಬಳಿಗೆ ಬಂದಾಗ ಹಾಳೆಯನ್ನು ನೋಡುತ್ತಲೇ ಹೇಳಿದಳು: “ಇದ್ರಲ್ಲಿ ಇಬ್ರು ವಿದ್ಯಾರ್ಥಿಗಳು ಅಂತ ಅದೆ ಮೇಡಂ. ಮೊದಲ್ನೇ ನೋಟಿಸಲ್ಲಿ ನಮ್ ಎಸ್ರಿತ್ತು.”

ಇದು ಹೀಗೆ ಕಾಣುತ್ತದೆಂದು ಸುವರ್ಣಮ್ಮನವರಿಗೆ ಹೊಳೆದಿರಲಿಲ್ಲ. ಹೆಸರನ್ನು ಮತ್ತೆ ಎತ್ತಬಾರದೆಂಬ ಸೌಜನ್ಯದಿಂದ ಬಿಟ್ಟಿದ್ದೆನೆಂದು ತಮಗೆ ತಾವೇ ಹೇಳಿಕೊಂಡಿದ್ದರು. ಆರೋಪಕ್ಕೆ ಹೆಸರು ಬೇಕಾಗಿತ್ತು, ಬಿಡುಗಡೆಗೆ ಬೇಡವಾಯಿತು ಎಂಬುದು ಆ ಕ್ಷಣಕ್ಕೆ ತಿಳಿಯಿತು. ಕಚೇರಿಯಿಂದ ಬೀಗದ ಕೈ ತರಿಸಿ, ಫಲಕದ ಗಾಜು ಸರಿಸಿ, ‘ಇಬ್ಬರು ವಿದ್ಯಾರ್ಥಿಗಳ’ ಎಂಬ ಪದಗಳನ್ನು ಹೊಡೆದು, ಮೇಲೆ ಚೌಡೇಶ್ವರಿ, ಉದಯಕುಮಾರ್ ಎಂದು ನೋಂದಣಿ ಸಂಖ್ಯೆಯೊಡನೆ ಬರೆದರು. ಹುಡುಗಿ ಎರಡು ಹೆಸರನ್ನೂ ಓದಿ ತರಗತಿಗೆ ನಡೆದಳು. ಆ ವರ್ಷದ ಪರೀಕ್ಷೆಯನ್ನು ಇಬ್ಬರೂ ಬರೆದರು. ಟಿಪ್ಪಣಿಯ ಮೂಲ ಪುಸ್ತಕ ಯಾವ ವಿದ್ಯಾರ್ಥಿಯದೆಂಬುದು ಮಾತ್ರ ಇಂದಿಗೂ ಪತ್ತೆಯಾಗಿಲ್ಲ.

ಪ್ರಾಂಶುಪಾಲರ ಆತಂಕ ಪೂರ್ತಿ ಸುಳ್ಳಾಗಲಿಲ್ಲ. ಮುಂದಿನೆರಡು ವರ್ಷ ಅಂಕ ಕಡಿಮೆ ಬಂದವರು “ಇದೂ ನಿಮ್ದೇ ನೋಟ್ಸಾ ಮೇಡಂ” ಎಂದು ಕೆಣಕುತ್ತಿದ್ದರು. ಸುವರ್ಣಮ್ಮ ಹಾಳೆಯನ್ನು ಇಸಿದುಕೊಂಡು ಮತ್ತೊಮ್ಮೆ ಓದುತ್ತಿದ್ದರು. ಮರುವರ್ಷ ವಿಷಯಕ್ಕೆ ಸೇರಿದವರು ಹದಿನೇಳು. ವಿಭಾಗ ಉಳಿಯಿತು.

ಬದಲಾದದ್ದು ಪಾಠ. ತಪ್ಪೊಪ್ಪಿಗೆಗೆಂದೇ ಒಂದು ಪ್ರತ್ಯೇಕ ತರಗತಿಯನ್ನು ಸೇರಿಸಿದರು. ಜೈನರ ಕ್ಷಮಾಪಣೆ, ಭಿಕ್ಷುಗಳು ಸಂಘದ ಮುಂದೆ ತಪ್ಪು ಹೇಳಿಕೊಳ್ಳುವ ಕ್ರಮ, ಇಸ್ಲಾಮಿನ ತೌಬಾ, ಕ್ರೈಸ್ತರ ಪಶ್ಚಾತ್ತಾಪಗಳನ್ನು ವಿವರಿಸಿ, ಕೊನೆಗೆ ಎರಡೇ ಪ್ರಶ್ನೆ ಕೇಳುತ್ತಿದ್ದರು: ತಪ್ಪು ಯಾರ ಎದುರು ನಡೆಯಿತು, ಒಪ್ಪಿಕೊಂಡದ್ದು ಯಾರ ಎದುರು? ಪಟ್ಟಿಗಳನ್ನು ಬಾಯಿಪಾಠ ಮಾಡುವ ಬದಲು ತಾವು ಕಣ್ಣಾರೆ ಕಂಡ ಒಂದು ಗುಣವನ್ನು ಒಂದು ಪುಟ ಬರೆದು ತರಬೇಕೆಂದರು. ಕೇಳಿದ್ದಾದರೆ ಕೇಳಿದ್ದೆಂದೇ ಬರೆಯಬೇಕು. ಲೊಕ್ಕನಹಳ್ಳಿಯ ಮಧು ತನ್ನ ಸೋದರಮಾವನ ಬಗ್ಗೆ ಬರೆದ. ಆನೆ ತುಳಿದ ಜೋಳದ ಹೊಲವನ್ನು ಪರಿಹಾರಕ್ಕಾಗಿ ಅಳೆಯಲು ಬಂದ ಸರ್ಕಾರದವರಿಗೆ, ಬೇಲಿ ಪಕ್ಕದ ಆರು ಸಾಲು ತನ್ನ ಹಸುವೇ ಮೇಯ್ದದ್ದೆಂದು ಆ ಮಾವ ತಾನಾಗಿ ತೋರಿಸಿದ್ದರಂತೆ. ಬಿಳಿಗಿರಿರಂಗನ ಬೆಟ್ಟದ ಹಾಡಿಯಿಂದ ಬರುತ್ತಿದ್ದ ಕೇತಮ್ಮ, ಜೇನು ಕುಯ್ಯುವಾಗ ಮರಿಯಿರುವ ಭಾಗವನ್ನು ಮುಟ್ಟದೆ ಬಿಡುವುದನ್ನು ಬರೆದು, ಕೆಳಗೆ ಸೇರಿಸಿದ್ದಳು: “ಇದಕ್ಕೆ ನಮ್ಮಲ್ಲಿ ಗುಣ ಅನ್ನಲ್ಲ, ಜೇನು ಕುಯ್ಯೋದು ಅಂತೀವಿ.” ಇಂಥ ನಾನೂರಕ್ಕೂ ಹೆಚ್ಚು ಪುಟಗಳು ಸುವರ್ಣಮ್ಮನವರ ಬಳಿಯಿವೆ. ನಿವೃತ್ತಿಯ ಬಳಿಕ ಬರೆದವರನ್ನೆಲ್ಲ ಹುಡುಕಿ, ಒಪ್ಪಿಗೆ ಪಡೆದು, ಸಂಗತಿಗಳನ್ನು ಒಂದೊಂದಾಗಿ ತಾಳೆ ನೋಡಿ ಪುಸ್ತಕ ಮಾಡುವ ಕೆಲಸವನ್ನು ಅವರು ವಹಿಸಿಕೊಂಡಿದ್ದಾರೆ.

ಈ ಅಭಿನಂದನಾ ಸಂಪುಟದ ಸಮಿತಿ ಅವರನ್ನು ಕಂಡಾಗ ಅವರು ಹಾಕಿದ ಷರತ್ತು ಒಂದೇ: 2015ರ ಘಟನೆಯನ್ನು ಬಿಡಬಾರದು, ಬರೆದದ್ದನ್ನು ಅಚ್ಚಿಗೆ ಕಳಿಸುವ ಮುಂಚೆ ಚೌಡೇಶ್ವರಿಗೆ ತೋರಿಸಬೇಕು. ಇಂದು ಯಳಂದೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿರುವ ಚೌಡೇಶ್ವರಿ ಈ ಲೇಖನವನ್ನು ಓದಿ ಎರಡು ದಿನಾಂಕಗಳನ್ನು ತಿದ್ದಿದ್ದಾರೆ.

ಸುವರ್ಣಮ್ಮನವರಿಗೆ ನೂರು ವರ್ಷದ ಆಯುಸ್ಸು, ಕಣ್ಣಿಗೂ ಕಾಲಿಗೂ ಬಲ ದೊರೆಯಲೆಂದು ಮೂರು ತಾಲ್ಲೂಕುಗಳಲ್ಲಿ ಹರಡಿರುವ ಅವರ ವಿದ್ಯಾರ್ಥಿಗಳ ಹಾರೈಕೆ. ಕೈಗೆತ್ತಿಕೊಂಡ ಪುಸ್ತಕ ಪೂರ್ಣವಾಗಲಿ. ಅದನ್ನು ಹೊಗಳುವವರು ತಾವಾಗಿ ಬರುತ್ತಾರೆ. ಒಂದೊಂದು ಸಾಲಿನ ಮುಂದೆಯೂ ಬೇಕಾದಷ್ಟು ಹೊತ್ತು ನಿಂತು ಓದಿ, ಬಿಟ್ಟುಹೋದದ್ದನ್ನು ಕೇಳುವ ಓದುಗರು ಅವರಿಗೆ ಕೊನೆಯವರೆಗೂ ದೊರೆಯಲಿ.